ಸಹಾಯ ಬೇಕು: ಯುಕೆ ಗ್ರಾಜುಯೇಟ್ ವೀಸಾ, ರಿಸಲ್ಟ್ ತಡವಾದರೆ?
ನಮಸ್ಕಾರ, ಬೆಳಗಾವಿಯಿಂದ ಬರೆಯುತ್ತಿದ್ದೇನೆ. ತಮ್ಮ ಇಂಗ್ಲೆಂಡಿನಲ್ಲಿ ಎಂಎಸ್ಸಿ ಮುಗಿಸುತ್ತಿದ್ದಾನೆ, ರಿಸಲ್ಟ್ ಮಾತ್ರ ಡಿಸೆಂಬರ್ ಕೊನೆಗೆ ಅಂತೆ. ಭಯ ಇರೋದು ಅಲ್ಲೇ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡೋಕೆ ಕೊಡುವ ಈ ಗ್ರಾಜುಯೇಟ್ ವೀಸಾಕ್ಕೆ 2026ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಿದರೆ 2 ವರ್ಷ ಸಿಗುತ್ತೆ, ಮರುದಿನ ಹಾಕಿದರೆ 18 ತಿಂಗಳು, ಮತ್ತೆ ಪಾಸಾಗಿದ್ದಾನೆ ಅಂತ ಯೂನಿವರ್ಸಿಟಿ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಅಲ್ಲಿಯ ಸರ್ಕಾರಿ ಇಲಾಖೆ) ತಿಳಿಸುವವರೆಗೆ ಹಾಕುವಂತೆಯೂ ಇಲ್ಲ. ಊರಿಗೆ ಬಂದು ಹಾಕಿದರೂ ನಡೆಯುತ್ತೆ ಅಂದಿದ್ದರು ಇಲ್ಲಿಯ ಏಜೆಂಟ್ ಒಬ್ಬರು. ತಪ್ಪು! ಸ್ಟೂಡೆಂಟ್ ವೀಸಾ ಮುಗಿಯುವ ಮುಂಚೆ ಅಲ್ಲಿಂದಲೇ ಹಾಕಬೇಕು. ಅಪ್ಪ ಬೈಲಹೊಂಗಲದ ಹೊಲ ಒತ್ತೆ ಇಟ್ಟಿದ್ದಾರೆ, ದಿನಾ ರಾತ್ರಿ ಪಾಸ್‌ಬುಕ್ ತೆಗೆದು ಕಂತಿನ ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಆರು ತಿಂಗಳ ಸಂಬಳ ನಮಗೆ ಸಣ್ಣದಲ್ಲ. ರಿಸಲ್ಟ್ ಬೇಗ ಕಳಿಸಿ ಅಂತ ಯೂನಿವರ್ಸಿಟಿಗೆ ಕೇಳಿ ಕೆಲಸ ಆದವರು ಯಾರಾದರೂ ಇದ್ದೀರಾ? ಯಾರಿಗೆ ಮೇಲ್ ಮಾಡಿದಿರಿ, ಎಷ್ಟು ದಿನ ಹಿಡಿಯಿತು, ದಯವಿಟ್ಟು ತಿಳಿಸಿ.