ಕ್ಯಾಂಪರ್ ವ್ಯಾನಿಗೆ 5 ವರ್ಷದ ಕ್ಯಾಂಪ್ ಮೆಂಬರ್‌ಶಿಪ್: 1.2 ಲಕ್ಷ ಕೊಡಬಹುದಾ?

ಪೆರ್ಲದ_ಗಾಡಿ
ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾಂಪರ್, ಆರ್‌ಸಿಯಲ್ಲಿ ಮೋಟರ್ ಕ್ಯಾರವಾನ್ ಅಂತಲೇ ಉಂಟು. ಒಂದು ಕ್ಯಾಂಪ್ ಕಂಪೆನಿಯ ಆಫರ್ ಹೀಗೆ: ಒಮ್ಮೆಗೆ 1,20,000 ರೂ., 5 ವರ್ಷ, ವರ್ಷಕ್ಕೆ 30 ರಾತ್ರಿ. ವಯನಾಡು, ಕೊಡಗು, ಚಿಕ್ಕಮಗಳೂರು, ಗೋವಾ ಎಲ್ಲ ಸೇರಿ 9 ಜಾಗ. ಮೆಂಬರ್ ಅಲ್ಲದವರಿಗೆ ಅಲ್ಲೇ ರಾತ್ರಿಗೆ 1,200, ಕರೆಂಟು ನೀರು ಸೇರಿ. 150 ರಾತ್ರಿಗೆ ಭಾಗಿಸಿದರೆ 800 ಬೀಳ್ತದೆ, ರಾತ್ರಿಗೆ 400 ಉಳಿತಾಯ ಅಂತ ಅವರ ಲೆಕ್ಕ. ವರ್ಷಕ್ಕೆ 9,000 ಮೆಂಟೆನೆನ್ಸ್ ಬೇರೆ. ಮೆಂಬರ್ ಕೂಡ ಕರೆಂಟು-ನೀರಿಗೆ ದಿನಕ್ಕೆ 300 ಕೊಡಬೇಕು. ಶುಲ್ಕ, ಮೆಂಟೆನೆನ್ಸ್ ಎರಡಕ್ಕೂ 18% ಜಿಎಸ್‌ಟಿ. ಅಮೆರಿಕದ ವಿಡಿಯೊಗಳಲ್ಲಿ ಇದೇ ನಮೂನೆಯದ್ದು ಲಾಭ ಅಂತಾರೆ. ಎಂತ ಮಾಡುವುದು?

ಚಿಲ್ಲರೆ_ಲೆಕ್ಕ
ಅವರ 800 ಪೂರ್ತಿ ಲೆಕ್ಕ ಅಲ್ಲ. 1,20,000ಕ್ಕೆ ಜಿಎಸ್‌ಟಿ ಸೇರಿದರೆ 1,41,600, ವರ್ಷಕ್ಕೆ 28,320. ಮೆಂಟೆನೆನ್ಸ್ 9,000 ಆಗುವುದು 10,620. ಒಟ್ಟು 38,940. ಒಂದು ರಾತ್ರಿಯನ್ನೂ ಬಿಡದೆ 30ನ್ನೂ ಬಳಸಿದಿರಿ ಅಂತಲೇ ಇಟ್ಟುಕೊಳ್ಳಿ: ರಾತ್ರಿಗೆ 1,298, ಮೇಲೆ 300. ಅಂದರೆ 1,598. ಗೇಟಿನಲ್ಲಿ ಕೊಡುವ 1,200ಕ್ಕಿಂತ ಜಾಸ್ತಿ!

ಮೆಂಬರಿಗೆ ಪ್ರತಿ ರಾತ್ರಿ ಉಳಿಯುವುದು 1,200ರಲ್ಲಿ 300 ಕಳೆದು 900. 38,940 ಹುಟ್ಟಬೇಕಾದರೆ 44 ರಾತ್ರಿ ಬೇಕು, ಕೊಡುವುದೇ 30. ಹಾಗಾಗಿ ಎಷ್ಟು ತಿರುಗಿದರೂ ಅಸಲು ಬರುವುದಿಲ್ಲ. ವರ್ಷಕ್ಕೆ 12 ರಾತ್ರಿ ಹೋಗುವವರಿಗೆ ಒಂದು ರಾತ್ರಿಗೆ 3,545. ಆ ದುಡ್ಡಿಗೆ ಮಡಿಕೇರಿಯಲ್ಲಿ ಒಳ್ಳೆಯ ರೂಮೇ ಸಿಗ್ತದೆ, ಗಾಡಿ ಬೇಕಾದರೆ ಅಂಗಳದಲ್ಲಿ ಇರಲಿ.

ಮೆಂಟೆನೆನ್ಸ್ ಏರುತ್ತದಾ ಅಂತ ಕೇಳಿ. ವರ್ಷಕ್ಕೆ 8% ಏರಿದರೆ ಐದನೇ ವರ್ಷ 9,000 ಇದ್ದದ್ದು 12,244, ಜಿಎಸ್‌ಟಿ ಬಿಟ್ಟು.

ಮುಳ್ಳೇರಿಯ_ಮಳೆ
ಅಮೆರಿಕದ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಅಲ್ಲಿ ವರ್ಷವಿಡೀ ಗಾಡಿಯಲ್ಲೇ ವಾಸ ಮಾಡುವವರಿದ್ದಾರೆ, ಅವರಿಗೆ ನೂರಾರು ರಾತ್ರಿ ಸಿಗ್ತದೆ. ಅಲ್ಲಿನ ಕ್ಯಾಂಪ್ ಮೆಂಬರ್‌ಶಿಪ್ ಕಂಪೆನಿ ಥೌಸಂಡ್ ಟ್ರೇಲ್ಸ್‌ನ ಸಾದಾ ಪಾಸ್‌ನಲ್ಲೂ ವಲಯ ಅಂತ ಉಂಟು, ಒಂದು ಕಡೆ ಗರಿಷ್ಠ 14 ರಾತ್ರಿ ಇದ್ದರೆ ಮತ್ತೆ 7 ರಾತ್ರಿ ಹೊರಗೆ ಇರಬೇಕು. ಪಾಸ್‌ಪೋರ್ಟ್ ಅಮೆರಿಕ ಅರ್ಧ ದರದ ಕ್ಲಬ್, ಆದರೆ ಎಷ್ಟೋ ಕ್ಯಾಂಪ್‌ಗಳು ವಾರಾಂತ್ಯ, ರಜೆಗೆ ಅದನ್ನು ಒಪ್ಪುವುದಿಲ್ಲ. ಅದರ ವಾರ್ಷಿಕ ಶುಲ್ಕ ಕಡಿಮೆ, ಎರಡು ಮೂರು ರಾತ್ರಿಯಲ್ಲಿ ಹುಟ್ಟುತ್ತದೆ. ನಿಮಗೆ ಬಂದ ಆಫರ್ ಆ ಜಾತಿಯದ್ದಲ್ಲ, ಟೈಮ್‌ಶೇರ್ ಜಾತಿಯದ್ದು, ಅಂದರೆ ಮೊದಲೇ ದೊಡ್ಡ ದುಡ್ಡು ಕೊಟ್ಟು ವರ್ಷಕ್ಕೆ ಇಷ್ಟು ರಾತ್ರಿ ಅಂತ ಕೊಳ್ಳುವುದು.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗೇ ಹೋಯಿತು. ಏಪ್ರಿಲ್-ಮೇ ಕರಾವಳಿಯಲ್ಲಿ ಎಸಿ ಇಲ್ಲದೆ ಗಾಡಿಯೊಳಗೆ ನಿದ್ದೆ ಬರುವುದಿಲ್ಲ. ಉಳಿದದ್ದು ಅಕ್ಟೋಬರ್‌ನಿಂದ ಮಾರ್ಚ್, ಅದರಲ್ಲಿ ಮಕ್ಕಳಿಗೆ ರಜೆ ದಸರಾ, ಕ್ರಿಸ್ಮಸ್‌ಗೆ ಮಾತ್ರ. ಕಂಪೆನಿಯ ಬ್ಲ್ಯಾಕೌಟ್ ದಿನಗಳು, ಅಂದರೆ ಮೆಂಬರಿಗೆ ಜಾಗ ಕೊಡದ ದಿನಗಳು, ಸಹ ಸರೀ ಅದೇ ಇರ್ತವೆ. ಆ ಪಟ್ಟಿ ಕೇಳಿ ತೆಗೆದುಕೊಂಡು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ.

ಮತ್ತೆ ದಾರಿ. ಕೊಡಗಿನ ಜಾಗ ಅಂತ ಗೂಗಲ್ ಪಾಣತ್ತೂರು–ಕರಿಕೆ–ಭಾಗಮಂಡಲ ತೋರಿಸಿದರೆ ಟ್ರಾವೆಲರ್‌ನಲ್ಲಿ ಹೋಗಬೇಡಿ, ತಿರುವು ಬಿಗಿ, ಎದುರಿಗೆ ಬಸ್ಸು ಬಂದರೆ ರಿವರ್ಸ್ ಗತಿ. ಚೆರ್ಕಳ–ಜಾಲ್ಸೂರು–ಸುಳ್ಯ–ಸಂಪಾಜೆ ದಾರಿಯೇ ವಾಸಿ.

ಕುಂಬಳೆ_ವಯರಿಂಗ್
ದರಕ್ಕಿಂತ ಮೊದಲು ಪ್ಲಗ್ ನೋಡಿ. 1 ಟನ್ ಎಸಿ ಸುಮಾರು 1,200 ವ್ಯಾಟ್, ಇಂಡಕ್ಷನ್ ಒಲೆ 2,000. ಎರಡೂ ಒಟ್ಟಿಗೆ ಅಂದರೆ 230 ವೋಲ್ಟಿನಲ್ಲಿ 14 ಆಂಪಿಯರ್. 16 ಆಂಪಿಯರ್ ಸಾಕೆಟ್ ಇದ್ದರೆ ಸುಧಾರಿಸಬಹುದು. ಬಹಳ ಕಡೆ "ಪವರ್ ಪಾಯಿಂಟ್" ಅಂತ ಹೇಳುವುದು ಗೋಡೆಯ 6 ಆಂಪಿಯರ್ ಪ್ಲಗ್, 1,380 ವ್ಯಾಟಿಗೆ ಮುಗಿಯಿತು. ಎಸಿ ಕಂಪ್ರೆಸರ್ ಹೊರಡುವಾಗಲೇ ಟ್ರಿಪ್.

ಕೇಬಲ್ 2.5 ಸ್ಕ್ವೇರ್ ಎಂಎಂ ತಾಮ್ರದ್ದೇ ಇರಲಿ. 30 ಮೀಟರ್ ಉದ್ದದ 1.5ರಲ್ಲಿ 14 ಆಂಪಿಯರ್ ಹೋದರೆ 10 ವೋಲ್ಟ್ ಅಲ್ಲೇ ಬೀಳ್ತದೆ, 2.5ರಲ್ಲಿ 6. ಸಂಜೆ ಹೊತ್ತು ಲೈನಿನಲ್ಲೇ 190 ಇರುವ ಹಳ್ಳಿಗಳಲ್ಲಿ ಆ 4 ವೋಲ್ಟೂ ಲೆಕ್ಕಕ್ಕೆ ಬರ್ತದೆ. ರೀಲಿನಿಂದ ಕೇಬಲ್ ಪೂರಾ ಬಿಚ್ಚಿ ಹಾಕಿ. ಸುತ್ತಿಟ್ಟದ್ದು ಬಿಸಿಯಾಗಿ ಒಳಗೊಳಗೇ ಅಂಟಿಕೊಳ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಅರ್ತಿಂಗ್ ಮುಖ್ಯ. ಗಾಡಿಯ ಮೈ ಕಬ್ಬಿಣ, ಟಯರು ರಬ್ಬರು. ಅರ್ತ್ ಇಲ್ಲದೆ ಒಳಗೆ ಲೀಕೇಜ್ ಇದ್ದರೆ ಕರೆಂಟು ನೆಲಕ್ಕೆ ಹೋಗಲು ದಾರಿ ಇಲ್ಲ. ಒದ್ದೆ ಮುರಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವನ ಮೈಯೇ ದಾರಿ ಆಗ್ತದೆ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಿರಿ: ಫೇಸ್–ನ್ಯೂಟ್ರಲ್ ಎಷ್ಟೋ ಫೇಸ್–ಅರ್ತ್ ಹೆಚ್ಚುಕಡಿಮೆ ಅಷ್ಟೇ ಬರಬೇಕು. 60, 90 ಅಂತ ತೇಲಿದರೆ ಅರ್ತ್ ಎಲ್ಲಿಗೂ ತಾಗಿಲ್ಲ ಅಂತ ಲೆಕ್ಕ. ಗಾಡಿಯ ಒಳಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ.

ಇನ್ನೊಂದು, ಟಾಯ್ಲೆಟ್ ಕ್ಯಾಸೆಟ್ (ಕೆಳಗೆ ಮಲ ತುಂಬುವ, ಎಳೆದು ತೆಗೆಯುವ ಡಬ್ಬ) 20 ಲೀಟರಿನ ಒಳಗೇ ಇರ್ತದೆ. ನಾಲ್ಕು ಜನರಿಗೆ ಒಂದೂವರೆ ದಿನ ಬಂದರೆ ಹೆಚ್ಚು. ಅದನ್ನು ಎಲ್ಲಿ ಖಾಲಿ ಮಾಡುವುದು ಅಂತ ಕೇಳಿದರೆ ತಡವರಿಸುವ ಜಾಗ ಬರೀ ಪಾರ್ಕಿಂಗ್. ಕ್ಯಾಸೆಟ್‌ಗೆ ಹಾಕುವ, ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದಕ್ಕೇ ಎಷ್ಟೋ ಹೋಂಸ್ಟೇಯವರು ಬೇಡ ಅನ್ನುವುದು, ಅವರದ್ದು ತಪ್ಪಿಲ್ಲ.

ಪೆರ್ಲದ_ಗಾಡಿ
ಲೆಕ್ಕ ನೋಡಿ ತಲೆ ತಿರುಗಿತು. ದರ ಅರ್ಧಕ್ಕೆ ಇಳಿಸಿದರೆ? ಕರಾರು 14 ಪುಟ ಇಂಗ್ಲಿಷಿನಲ್ಲಿ ಉಂಟು.

ಚಿಲ್ಲರೆ_ಲೆಕ್ಕ
60,000 ಆದರೆ ವರ್ಷಕ್ಕೆ 14,160, ಮೇಲೆ 10,620, ಒಟ್ಟು 24,780. 28 ರಾತ್ರಿ ಬೇಕು. ಮಳೆಗಾಲ ಕಳೆದು 28 ರಾತ್ರಿ ಹೊರಗೆ ಮಲಗುವವರು ನೀವಾದರೆ ಮಾತ್ರ.

ಗಡಿನಾಡ_ವಕಾಲತ್ತು
14 ಪುಟದಲ್ಲಿ ಮೊದಲು ಹುಡುಕಬೇಕಾದ ಮಾತು "ಲಭ್ಯತೆಗೆ ಒಳಪಟ್ಟು" (subject to availability). ಅದು ಇದ್ದರೆ 30 ರಾತ್ರಿ ನಿಮ್ಮ ಹಕ್ಕಲ್ಲ. ಎಷ್ಟು ದಿನ ಮೊದಲು ಬುಕ್ ಮಾಡಬೇಕು, ಬಳಸದ ರಾತ್ರಿ ಮುಂದಿನ ವರ್ಷಕ್ಕೆ ಸೇರುತ್ತದಾ, ಗಾಡಿ ಮಾರಿದರೆ ಮೆಂಬರ್‌ಶಿಪ್ ವರ್ಗ ಆಗ್ತದಾ, ಮೆಂಟೆನೆನ್ಸ್ ಕಟ್ಟದಿದ್ದರೆ ಕಟ್ಟಿದ ದುಡ್ಡೇ ಮುಳುಗುತ್ತದಾ, ಇವು ನಂತರ. 9 ಜಾಗಗಳಲ್ಲಿ ಕಂಪೆನಿಯದ್ದೇ ಎಷ್ಟು, ಬೇರೆಯವರೊಟ್ಟಿಗೆ ಒಪ್ಪಂದದ್ದು ಎಷ್ಟು ಅಂತ ಹೆಸರು ಸಮೇತ ಬರೆಸಿಕೊಳ್ಳಿ. ಒಪ್ಪಂದದ ಜಾಗ ನಾಳೆ ಪಟ್ಟಿಯಿಂದ ಬಿದ್ದರೆ ಕೇಳುವವರಿಲ್ಲ.

"ತಕರಾರು ಇಂಥ ಊರಿನ ನ್ಯಾಯಾಲಯದಲ್ಲಿ ಮಾತ್ರ" ಅಂತ ಬರೆದಿದ್ದರೆ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಪೆರ್ಲದವರಾದ ನೀವು ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ, ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915. ಬಾಯಿಮಾತಿನ ಭರವಸೆಯನ್ನೆಲ್ಲ ಇವತ್ತೇ ಒಂದು ಇಮೇಲ್‌ನಲ್ಲಿ ಬರೆದು "ಇದು ಸರಿಯಾ?" ಅಂತ ಅವರಿಗೆ ಕಳಿಸಿ. ಉತ್ತರ ಬಾರದಿದ್ದರೆ ಚೆಕ್ ಬರೆಯುವ ಕೆಲಸವೂ ಇಲ್ಲ.