ಅಪರೂಪದ ಗಿಡ ಉಳಿಸಲು ಸಸ್ಯೋದ್ಯಾನ ಸಾಲದಾ?

ಚಿಗುರು:
ಅಳಿವಿನಂಚಿನ ಗಿಡಗಳು ಉಳಿಯಬೇಕಾದರೆ ಸಂರಕ್ಷಿತ ಕಾಡು ಬೇಕೇ ಬೇಕು ಅಂತಾರೆ. ಪ್ರಾಣಿಗಳಿಗೆ ಓಡಾಡಲು ಜಾಗ ಬೇಕು, ಅದು ಅರ್ಥವಾಗುತ್ತದೆ. ಗಿಡ ನಿಂತಲ್ಲೇ ನಿಲ್ಲುತ್ತದೆ ಅಲ್ವಾ? ಬೀಜ ತಂದು ಸಸ್ಯೋದ್ಯಾನದಲ್ಲಿ ಬೆಳೆಸಿದರೆ ಆಗದಾ? ಒಂದು ಗಿಡಕ್ಕಾಗಿ ಇಡೀ ಕಾಡಿಗೆ ಯಾಕೆ ಕಾವಲು?

ತೊಗಟೆ:
ಆರ್ಕಿಡ್ ಬೀಜ ಮೊಳೆಸುವುದು ನನ್ನ ಕೆಲಸ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮಾಗಿದ ಆರ್ಕಿಡ್ ಕಾಯಿ ಒಡೆದರೆ ಉದುರುವುದು ನುಣ್ಣನೆಯ ಹುಡಿ. ಅದೇ ಬೀಜ. ಹತ್ತಿರ ಉಸಿರು ಬಿಟ್ಟರೂ ಹಾರಿಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಬಲೆ ಹೆಣೆದಂಥ ಒಂದು ತೆಳು ಚೀಲ ಕಾಣುತ್ತದೆ, ನಡುವೆ ಒಂದು ಚುಕ್ಕಿ. ಬೇರೆ ಬೀಜಗಳಲ್ಲಿ ಮೊಳಕೆಗೆ ಅಂತ ಆಹಾರ ಕೂಡಿಟ್ಟಿರುತ್ತದೆ. ಇದರಲ್ಲಿ ಏನೂ ಇಲ್ಲ ಅಂದರೂ ನಡೆಯುತ್ತದೆ. ಬಿದ್ದ ಜಾಗದಲ್ಲಿ ತಕ್ಕ ಶಿಲೀಂಧ್ರ ಇದ್ದು, ಅದು ಉಣಿಸಿದರಷ್ಟೇ ಮೊಳಕೆ. ನಾವು ಬಾಟಲಿಯಲ್ಲಿ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಬೆಳೆಸುತ್ತೇವೆ. ಗಿಡವೇನೋ ಬರುತ್ತದೆ. ಆದರೆ ಅದು ತಾನಾಗಿ ಮರಿ ಹಾಕಬೇಕಾದರೆ ಆ ಶಿಲೀಂಧ್ರ ಬೇಕು, ಹೂವಿಗೆ ಬರುವ ಹುಳ ಬೇಕು, ಆ ನೆರಳು, ಆ ತೇವ ಎಲ್ಲ ಬೇಕು. ಕಾವಲು ಬೇಕಿರುವುದು ಇವೆಲ್ಲಕ್ಕೂ.

ಹವಾಯಿಯ ಬ್ರಿಘಾಮಿಯಾ ನೋಡಿ. ಕಡಲಂಚಿನ ಕಡಿದಾದ ಬಂಡೆಗಳ ಗಿಡ, ಉದ್ದ ಕೊಳವೆಯಂಥ ಹೂವು. ಅದರ ಪರಾಗ ಒಯ್ಯುತ್ತಿದ್ದ ಪತಂಗ ಇಲ್ಲವಾಗಿದೆ ಎಂದೇ ನಂಬುತ್ತಾರೆ. ಸಸ್ಯವಿಜ್ಞಾನಿಗಳು ಹಗ್ಗದಲ್ಲಿ ಇಳಿದು ಕೈಯಾರೆ ಪರಾಗ ಸವರಿದರು. ಈಗ ಯುರೋಪಿನಲ್ಲಿ ಅದು ಕುಂಡದ ಗಿಡವಾಗಿ ಮಾರಾಟವಾಗುತ್ತದೆ. ಹುಟ್ಟಿದ ಬಂಡೆಗಳ ಮೇಲೆ ಹೆಚ್ಚುಕಡಿಮೆ ಕಾಣೆಯಾಗಿದೆ. ನೆನೆದರೆ ಸಂಕಟವಾಗುತ್ತದೆ.

ಕಾಡುದಾರಿ:
ಸುಮ್ನೆ ಬೋರ್ಡ್ ನೆಟ್ಟು 'ಸಂರಕ್ಷಿತ' ಅಂದರೆ ಗಿಡ ಉಳಿಯುತ್ತದಾ? ಕದ್ದು ಕೀಳುವವರು ಒಳಗೂ ಬರುತ್ತಾರೆ.

ತೊಗಟೆ:
ನಿಜ, ಬೋರ್ಡಿನಿಂದ ಏನೂ ಆಗುವುದಿಲ್ಲ. ಒಳಗೆ ಕೆಲಸ ನಡೆಯಬೇಕು, ಅದೂ ಗಿಡಕ್ಕೊಂದು ರೀತಿ.

ಆಸ್ಟ್ರೇಲಿಯಾದ ವೊಲೆಮಿ ರಾಷ್ಟ್ರೀಯ ಉದ್ಯಾನದಲ್ಲಿ 1994ರಲ್ಲಿ ವೊಲೆಮಿ ಪೈನ್ ಎಂಬ ಮರ ಸಿಕ್ಕಿತು. ಕಾಡಿನಲ್ಲಿರುವ ದೊಡ್ಡ ಮರಗಳು ನೂರಕ್ಕೂ ಕಡಿಮೆ. ಜಾಗ ಇವತ್ತಿಗೂ ಗುಟ್ಟು. 2019–20ರ ಕಾಡ್ಗಿಚ್ಚಿನಲ್ಲಿ ಸಿಬ್ಬಂದಿ ಹೆಲಿಕಾಪ್ಟರಿನಿಂದ ಕಣಿವೆಗೆ ಇಳಿದು, ಪೈಪ್ ಜೋಡಿಸಿ, ನೆಲ ಒದ್ದೆಯಾಗಿಟ್ಟು ಮರಗಳನ್ನು ಉಳಿಸಿಕೊಂಡರು. ಅಲ್ಲಿ ಬೆಂಕಿ ತಡೆಯುವುದೇ ರಕ್ಷಣೆ.

ಅಮೆರಿಕದ ಕ್ಯಾರೊಲಿನಾಗಳಲ್ಲಿ ಬೆಳೆಯುವ ವೀನಸ್ ಫ್ಲೈಟ್ರ್ಯಾಪ್‌ಗೆ ಪೂರ್ತಿ ಉಲ್ಟಾ. ನೆಲಕ್ಕೆ ಅಂಟಿಕೊಂಡಂತಿರುವ, ಹುಳ ಹಿಡಿಯುವ ಗಿಡ ಅದು. ಬೆಂಕಿ ಬೀಳದಿದ್ದರೆ ಪೊದೆ ಎತ್ತರ ಬೆಳೆದು ಬಿಸಿಲು ಮುಚ್ಚುತ್ತದೆ, ಇದು ಸೊರಗುತ್ತದೆ. ಹಾಗಾಗಿ ಅಲ್ಲಿನ ಸಂರಕ್ಷಿತ ಪ್ರದೇಶಗಳಲ್ಲಿ ಲೆಕ್ಕ ಹಾಕಿ, ಗಾಳಿ ನೋಡಿ, ಬೇಕೆಂದೇ ಬೆಂಕಿ ಹಾಕುತ್ತಾರೆ. ಕಳ್ಳತನದ ವಿಷಯಕ್ಕೆ ಬಂದರೆ, ಉತ್ತರ ಕ್ಯಾರೊಲಿನಾದಲ್ಲಿ 2014ರಿಂದ ಅದನ್ನು ಕದಿಯುವುದು ಗಂಭೀರ ಅಪರಾಧ, ಜೈಲೂ ಆಗಬಹುದು.

ಚಿಗುರು:
ಹಾಗಾದರೆ ಸಸ್ಯೋದ್ಯಾನ, ಬೀಜ ಬ್ಯಾಂಕ್ ವ್ಯರ್ಥವಾ?

ತೊಗಟೆ:
ಖಂಡಿತ ಅಲ್ಲ. ವೊಲೆಮಿ ಪೈನ್ ಈಗ ಎಷ್ಟೋ ದೇಶಗಳ ತೋಟಗಳಲ್ಲಿದೆ, ಕಣಿವೆಗೆ ಏನಾದರೂ ಆದರೆ ಅದೇ ಆಸರೆ. ಆದರೆ ಮಳೆಕಾಡಿನ ಎಷ್ಟೋ ಮರಗಳ ಬೀಜ ಒಣಗಿಸಿದರೆ ಸತ್ತೇ ಹೋಗುತ್ತದೆ, ಒಣಗಿಸಿಯೇ ಕೂಡಿಡುವ ಬ್ಯಾಂಕಿನಲ್ಲಿ ಇಡುವುದು ಹೇಗೆ? ಇನ್ನೊಂದು, ತಡವಾದರೆ ತೋಟವೂ ಕೈಚೆಲ್ಲುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1895ರಲ್ಲಿ ವುಡ್ ಸೈಕ್ಯಾಡ್ ಸಿಕ್ಕಿತು. ನೋಡಲು ತಾಳೆಯಂತೆ, ಗಂಡು ಹೆಣ್ಣು ಗಿಡಗಳು ಬೇರೆಬೇರೆ. ಸಿಕ್ಕಿದ್ದು ಒಂದೇ ಒಂದು ಗಂಡು ಗಿಡ. ತೋಟಗಳಲ್ಲಿರುವುದೆಲ್ಲ ಅದರ ಮರಿಕಂದುಗಳು, ಎಲ್ಲವೂ ಗಂಡು. ಹೆಣ್ಣು ಇದುವರೆಗೆ ಸಿಕ್ಕಿಲ್ಲ.

ಕಾಡುದಾರಿ:
ಇಂಥ ಕಾಡಿಗೆ ಹೋಗುವ ನಮ್ಮಂಥವರು ಏನು ನೋಡಿಕೊಳ್ಳಬೇಕು?

ತೊಗಟೆ:
ಹೋಗುವ ಮೊದಲೂ ಬಂದ ಮೇಲೂ ಬೂಟಿನ ಅಡಿ ಉಜ್ಜಿ ತೊಳೆಯಿರಿ. ಬೇರು ಕೊಳೆಸುವ ಫೈಟಾಫ್ತೊರಾ ರೋಗ ಮಣ್ಣಿನ ಜೊತೆ ಬರುತ್ತದೆ, ವೊಲೆಮಿ ಕಣಿವೆಗೂ ಅದು ಹೊಕ್ಕಿದೆ. ದಾರಿ ಬಿಟ್ಟು ನಡೆಯಬೇಡಿ. ಅಪರೂಪದ ಗಿಡದ ಫೋಟೊ ಹಾಕುವಾಗ ಜಿಪಿಎಸ್ ವಿವರ ತೆಗೆದುಬಿಡಿ.