ಮೋಸ ಮಾಡಿದವರಿಗೂ ದೇವರ ಕರುಣೆ ಇರುತ್ತಾ?

ಪ್ರಶ್ನೆ: ಹತ್ತು ವರ್ಷದ ಹಿಂದೆ ನಮ್ಮ ಚಿಕ್ಕಪ್ಪ ಬದುವಿನ ಕಲ್ಲು ಕಿತ್ತು ಎರಡು ಮಾರು ನಮ್ಮ ಕಡೆಗೆ ನೆಟ್ಟರು. ಅಪ್ಪ ಜಗಳ ಮಾಡಲಿಲ್ಲ. ದೇವರು ನೋಡ್ಕೋತಾನೆ ಅಂದರು, ಅಷ್ಟೇ. ಈ ಸಲ ಒಳ್ಳೆ ಮಳೆ. ಅವರ ಹೊಲದಲ್ಲೂ ನಮ್ಮಷ್ಟೇ ಜೋಳ ಬಂತು. ಮೊನ್ನೆ ಗುಡಿಯಲ್ಲಿ ನನಗೆ ತೀರ್ಥ ಕೊಟ್ಟ ಉದ್ಧರಣೆಯಲ್ಲೇ ಅವರಿಗೂ ಕೊಟ್ಟರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಹಾಗಾದ್ರೆ ನಂಬಿದವರಿಗೆ ಏನು ಸಿಕ್ಕಿತು?

ಉತ್ತರ 1: ಬಸವಣ್ಣನವರ ಆಕಳಿನ ವಚನ ನೋಡಿ. ಕಳ್ಳರು ಆಕಳು ಒಯ್ದರು ಅಂತ ಬೊಬ್ಬೆ ಹಾಕಬೇಡಿ, ಅಲ್ಲಿ ಉಣ್ಣುವವನೂ ಸಂಗಯ್ಯನೇ, ಇಲ್ಲಿ ಉಣ್ಣುವವನೂ ಅವನೇ ಅನ್ನೋ ಅರ್ಥ. ಕರುಗಳನ್ನೂ ಜೊತೆಗೆ ಕಳಿಸಿದರು ಅಂತ ಕಥೆ ಇದೆ.

ಉತ್ತರ 2: ಹೇಳೋದು ಸುಲಭ ಬಿಡಿ, ಬದು ಕಳೆದುಕೊಂಡವರಿಗೆ ಗೊತ್ತು. ನನಗೆ ಹಿಡಿಸೋದು ಪ್ರಹ್ಲಾದ. ಅಪ್ಪ ವಿಷ ಹಾಕಿಸಿದ್ದ, ಬೆಟ್ಟದಿಂದ ತಳ್ಳಿಸಿದ್ದ. ಆದರೂ ಭಾಗವತದ 7ನೇ ಸ್ಕಂಧದಲ್ಲಿ ಅವನು ಕೇಳಿದ್ದು ಅಪ್ಪನ ಪಾಪ ತೊಳೆಯಲಿ ಅಂತ. ನಿನ್ನ ಅಪ್ಪ 21 ತಲೆಮಾರಿನ ಜೊತೆ ಪಾವನನಾದ ಅಂದ ನರಸಿಂಹ. ಅದೂ ಹೊಟ್ಟೆ ಬಗೆದ ಮೇಲೆ! ಕರುಣೆ ಇದೆ ಅಂತ ಲೆಕ್ಕ ಬಿಡಲಿಲ್ಲ ಅಲ್ವಾ? ಸುಮ್ನೆ ಕೊರಗಬೇಡಿ, ಹದ್ದುಬಸ್ತಿಗೆ, ಅಂದ್ರೆ ಹೊಲದ ಗಡಿ ಅಳೆದು ಗುರುತು ಮಾಡಿಸೋಕೆ, ಅರ್ಜಿ ಹಾಕಿ.

ಪ್ರಶ್ನೆ ಕೇಳಿದವರು: ಅರ್ಜಿ ಹಾಕ್ತೀನಿ. ಕರು ಕಳಿಸೋವಷ್ಟು ದೊಡ್ಡವನಲ್ಲ ನಾನು. ಅಂದ ಹಾಗೆ, ಚಿಕ್ಕಪ್ಪನಿಗೆ ಈಗ ಮಂಡಿ ನೋವು ಜಾಸ್ತಿ. ಗುಡಿ ಮೆಟ್ಟಿಲು ಇಳಿಯುವಾಗ ನನ್ನ ಹೆಗಲನ್ನೇ ಹಿಡಿದರು. ಕೊಡವಲಿಲ್ಲ.